ಮಾಷ್ಟ್ರಲ್ಲದ ಮಾಷ್ಟ್ರು

ಪಾಲಿಟೆಕ್ನಿಕ್ ಮುಗಿಸಿ ಗಲ್ಫಿನ ವೀಸಾಕ್ಕೆ ಕಾಯುತ್ತಾ, ಉಪ್ಪನ ಜಿನಸಿನ ಅಂಗಡಿಯಲ್ಲಿ ಸಕ್ಕರೆ ಕಟ್ಟುತ್ತಿದ್ದ ದಿನಗಳು. ಮಂಜೇಶ್ವರ ತಾಲೂಕಿನ ನಮ್ಮೂರ ಕನ್ನಡ ಮಾಧ್ಯಮ ಶಾಲೆಯ ಪಿ.ಟಿ.ಎ.ಯವರು ಬಂದು, "ಎಂಟನೇ ಕ್ಲಾಸಿಗೆ ಲೆಕ್ಕದ ಮಾಷ್ಟ್ರಿಲ್ಲ. ಹೊಸಬರು ಬರುವವರೆಗೆ ನಿಮ್ಮ ಮಗನನ್ನು ಕಳಿಸಿ" ಎಂದರು. "ಹೋಗು ಮೋನೆ, ನೀನು ಕಲಿತ ಶಾಲೆಯಲ್ಲವಾ" ಎಂದರು ಉಪ್ಪ.

ನನಗೆ ಬಿ.ಎಡ್. ಇರಲಿಲ್ಲ, ಕೆ-ಟೆಟ್ ಇರಲಿಲ್ಲ. ಇದ್ದದ್ದು ಮೆಕ್ಯಾನಿಕಲ್ ಡಿಪ್ಲೊಮಾ ಮತ್ತು ಕನ್ನಡ.

ನನಗಿಂತ ಮೊದಲು ಪಿ.ಎಸ್.ಸಿ. ಮೂಲಕ ಬಂದಿದ್ದವರಿಗೆ ಪದವಿ, ತರಬೇತಿ ಎಲ್ಲ ಇತ್ತು, ಕನ್ನಡ ಬರುತ್ತಿರಲಿಲ್ಲ. ಬಡ್ಡಿಗೆ 'ಪಲಿಶ' ಎನ್ನುತ್ತಿದ್ದರು, ವಿಸ್ತೀರ್ಣಕ್ಕೆ 'ಪರಪ್ಪಳವ್'. ಬ್ಯಾರಿ ಮಕ್ಕಳಿಗೆ ಮನೆಮಾತಿನ ಬಲದಿಂದ ಅರ್ಧವಾದರೂ ತಿಳಿಯುತ್ತಿತ್ತು. ತುಳು ಮನೆಯ ಮಕ್ಕಳಿಗೆ ಅದೂ ಇಲ್ಲ. ಪರೀಕ್ಷೆ ಮಾತ್ರ ಎಲ್ಲರಿಗೂ ಕನ್ನಡದಲ್ಲೇ. ಪಾಪ, ಅವರೂ ವರ್ಗ ಮಾಡಿಸಿಕೊಂಡು ಹೋದರು.

ನಾನು ಅಂಗಡಿಯಿಂದಲೇ ಪಾಠ ಶುರು ಮಾಡಿದೆ. ಒಂದು ಮೂಟೆ ಅಕ್ಕಿಯ ಅಸಲು ಇಷ್ಟು, ಕಿಲೋಗೆ ಮಾರುವುದು ಇಷ್ಟು, ಲಾಭ ಶೇಕಡಾ ಎಷ್ಟು? "ಸರ್, ನಿಮ್ಮ ಉಪ್ಪ ನಮ್ಮಿಂದ ಇಷ್ಟು ತೆಗೆಯುತ್ತಾರಾ?" ಎಂದು ಒಬ್ಬಳು ಕೇಳಿ ಕ್ಲಾಸೆಲ್ಲ ನಕ್ಕಿತು. ನಾನು ಒಳ್ಳೆಯ ಮಾಷ್ಟ್ರೇ ಎಂದುಕೊಂಡೆ.

ಒಂದು ದಿನ ಹಿಂದಿನ ಬೆಂಚಿನ ಹುಡುಗ ಎದ್ದು, "ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಯಾಕೆ ಸರ್?" ಎಂದ. ಡಿಪ್ಲೊಮಾ ಪೂರ್ತಿ ಅದನ್ನು ಬಳಸಿದ್ದೆ, ಯಾಕೆಂದು ಯೋಚಿಸಿರಲಿಲ್ಲ. "ಅದು ನಿಯಮ, ಬರೆದುಕೋ" ಎಂದೆ, ಸ್ವಲ್ಪ ಗದರಿಸಿಯೇ. ಆಮೇಲೆ ಅವನು ಏನೂ ಕೇಳಲಿಲ್ಲ.

ನಾಲ್ಕು ತಿಂಗಳ ನಂತರ ತರಬೇತಿಯೂ ಕನ್ನಡವೂ ಇದ್ದ ಟೀಚರ್ ಬಂದರು. ಆ ಪ್ರಶ್ನೆ ಬಾಕಿ ಇದೆ ಎಂದು ಅವರಿಗೆ ಹೇಳಿ, ಹಿಂದೆ ಕೂತು ಕೇಳಿದೆ. ಅವರು ಮೈನಸ್ ಎರಡನ್ನು 3, 2, 1, 0 ಇವುಗಳಿಂದ ಗುಣಿಸಿ ಬೋರ್ಡಿನಲ್ಲಿ ಒಂದರ ಕೆಳಗೊಂದು ಬರೆದರು: -6, -4, -2, 0. "ಪ್ರತಿ ಸಲ ಎರಡು ಏರುತ್ತಿದೆ. ಇನ್ನು -1ರಿಂದ ಗುಣಿಸಿದರೆ?" ಮಕ್ಕಳೇ "ಪ್ಲಸ್ ಎರಡು" ಎಂದರು. ನನ್ನ ಕಿವಿ ಬಿಸಿಯಾಯಿತು.

ಈಗ ಗಲ್ಫಿನಿಂದ ಮರಳಿ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ಮಗಳು ಅದೇ ಶಾಲೆಯಲ್ಲಿದ್ದಾಳೆ. ಮತ್ತೆ ಹುದ್ದೆ ಖಾಲಿ, ಮತ್ತೆ ಪಿ.ಟಿ.ಎ.ಯ ಫೋನು. ಮಕ್ಕಳನ್ನು ಸುಮ್ಮನೆ ಕೂರಿಸಲಾಗದು, ಹೋಗುತ್ತೇನೆ. ಆದರೆ ನನ್ನಂಥವರು ಸಿಕ್ಕರೆಂದು ಹುದ್ದೆ ಕೇಳುವುದನ್ನು ಬಿಡಬೇಡಿ. ನಮ್ಮ ಮನೆಗಳಲ್ಲೇ ಬಿ.ಎಡ್. ಮುಗಿಸಿ ಕೂತ ಹೆಣ್ಣುಮಕ್ಕಳಿದ್ದಾರೆ. ಹೈಸ್ಕೂಲಿನ ಕನ್ನಡ ಮಾಧ್ಯಮ ಹುದ್ದೆಗಳಿಗೆ ಪಿ.ಎಸ್.ಸಿ. ಬೇರೆಯೇ ಅರ್ಜಿ ಕರೆಯುತ್ತದೆ. ಅವರಿಂದ ಕೆ-ಟೆಟ್ ಬರೆಸಿ, ಅರ್ಜಿ ಹಾಕಿಸಿ. ನನಗೆ ಅಂಗಡಿ ಇದೆ.