ಹಗರೆಯಲ್ಲಿ ಒಂದು ಭಾನುವಾರ

ಹಗರೆಯಲ್ಲಿ ಅಕ್ಕನ ಮನೆ. ಭಾವನ ಹಳೇ ಕಂಪ್ಯೂಟರಿಗೆ ವಿಂಡೋಸ್ ಮತ್ತೆ ಹಾಕಲು ಕೂತೆ. ಫೈಲುಗಳನ್ನೆಲ್ಲ ಮೊದಲೇ ನಕಲಿಸಿಟ್ಟಿದ್ದೆ. ಅರ್ಧಕ್ಕೆ ನಿಂತಿತು: ಬೇಕಾದ ಫೈಲು ಕೆಟ್ಟಿದೆ ಅಥವಾ ಕಾಣೆಯಾಗಿದೆ, 80070570. ಇದು ಬಂದರೆ ಎಲ್ಲರೂ ಹಾರ್ಡ್‌ಡಿಸ್ಕ್ ಹೋಯಿತೆಂದೇ ಹೆದರುತ್ತಾರೆ. ಬಹಳ ಸಲ ತಪ್ಪು ಪೆನ್‌ಡ್ರೈವಿನದು, ಇಲ್ಲವೇ ಅರೆಬರೆ ಇಳಿದ ಫೈಲಿನದು. ಆಮೇಲೆ ರ‍್ಯಾಮ್, ಕೊನೆಗೆ ಡಿಸ್ಕು. ಮತ್ತೆ ಇಳಿಸಿ ಬೇರೆ ಪೆನ್‌ಡ್ರೈವಿಗೆ ಹಾಕಿದೆ. ಬೇಲೂರಿನ ಬಸ್ಸು ಎರಡು ಹೋಗುವಷ್ಟರಲ್ಲಿ ಕೆಲಸ ಮುಗಿಯಿತು.

ನಿಜವಾದ ಸಂಕಟ ಆಮೇಲೆ. ಭಾವ 20 ವರ್ಷದಿಂದ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಅರ್ಜಿ, ಲೆಕ್ಕ, ಅಜ್ಜಿ ಹೇಳಿದ್ದ ಸೋಬಾನೆ, ಯಾವುದನ್ನು ತೆರೆದರೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವರ ಮುಖ ನೋಡಲಾಗಲಿಲ್ಲ. ಆದರೆ ಫೈಲು ಕೆಟ್ಟಿರಲಿಲ್ಲ. ಹಳೇ ನುಡಿ ಕನ್ನಡವನ್ನು ರೋಮನ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕೂರಿಸಿತ್ತು. ಅದನ್ನು ಕನ್ನಡವಾಗಿ ತೋರಿಸುತ್ತಿದ್ದುದು ಫಾಂಟ್ ಮಾತ್ರ, ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಅದಿಲ್ಲ. ನುಡಿ ಹಾಕಿದೆ, ಸೋಬಾನೆ ಹಿಂದಿರುಗಿತು. ಭಾವ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಹಾಗಾಗಿ ಹಲವರು ಹೊಸದು ಹಾಕುವ ಯೋಚನೆಯಲ್ಲಿರಬಹುದು. ದಯವಿಟ್ಟು ಫಾರ್ಮ್ಯಾಟ್ ಮಾಡುವ ಮುನ್ನ ಫಾಂಟ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಭಾವನ ಫೈಲುಗಳನ್ನು ಈಗ ಯುನಿಕೋಡಿಗೆ ಬದಲಿಸುತ್ತಿದ್ದೇನೆ. ಕೆಲವು ಕಡೆ ಒತ್ತಕ್ಷರ ತಪ್ಪುತ್ತಿದೆ; ಅಕ್ಕ ಓದಿ ಹೇಳುತ್ತಾಳೆ, ನಾನು ತಿದ್ದುತ್ತೇನೆ.