ಸವಳು ನೀರಿನ ಬಣ್ಣದ ಮೀನು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಬೋರಿನ ನೀರಿಗೆ ಒಳ್ಳೆಯ ಹೆಸರಿಲ್ಲ. ಬ್ಯಾಳಿ ಬೇಯುವುದಿಲ್ಲ, ಸಬಕಾರ ನೊರೆ ಬಿಡುವುದಿಲ್ಲ, ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುತ್ತದೆ. ಕೂದಲು ಉದುರಿದರೂ ತಪ್ಪು ನೀರಿನದೇ. 'ಸವಳು ನೀರು' ಎಂದು ಮೂಗು ಮುರಿಯುವ ಇದೇ ನೀರನ್ನು ಗಾಜಿನ ತೊಟ್ಟಿಗೆ ತುಂಬಿ ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲದ ಮೀನುಗಳನ್ನು ಬಿಟ್ಟರೆ ಅವು ತವರಿಗೆ ಬಂದ ಹೆಣ್ಣುಮಕ್ಕಳಂತೆ ಹಾಯಾಗಿ ಓಡಾಡುತ್ತವೆ. ಮನೆಯವರು ಬೈಯುವ ನೀರು ಈ ಮೀನುಗಳಿಗೆ ಬೇಕಾದ ನೀರು.

ಕಾರಣ ನೆಲದ ಒಳಗಿದೆ. ಮುಧೋಳ ತಾಲ್ಲೂಕಿನ ಲೋಕಾಪುರದ ಆಸುಪಾಸಿನಲ್ಲಿ ಸಿಮೆಂಟ್ ಕಾರ್ಖಾನೆಗಳು ತಲೆಯೆತ್ತಿದ್ದು ಅಲ್ಲಿನ ಸುಣ್ಣಕಲ್ಲನ್ನು ನಂಬಿ. ಸುಣ್ಣಕಲ್ಲಿನ ಜೊತೆಗೆ ಡಾಲೊಮೈಟೂ ಇದೆ. ರಾಬರ್ಟ್ ಬ್ರೂಸ್ ಫೂಟ್ ಅವರು 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನ ವರದಿಯಲ್ಲಿ ಈ ಕಲ್ಲುಗಳ ವಿವರಣೆಯಿದೆ. ಪಕ್ಕದ ಕಲಾದಗಿಯ ಹೆಸರಿನಲ್ಲೇ ಅವು ಇಂದಿಗೂ ಭೂವಿಜ್ಞಾನಿಗಳಿಗೆ ಪರಿಚಿತ. ಇಂಥ ಕಲ್ಲಿನ ಸಂದುಗಳಲ್ಲಿ ಇಳಿಯುವ ಮಳೆನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಗಡಸಾಗುತ್ತದೆ. ಕಬ್ಬಿನ ಗದ್ದೆಗಳಿಗೆ ವರ್ಷವಿಡೀ ಹಾಯಿಸಿದ ನೀರು ಕೃಷ್ಣೆ, ಘಟಪ್ರಭೆಯ ದಂಡೆಗಳಲ್ಲಿ ಸವಳು-ಜವಳು ಹೆಚ್ಚಿಸಿ ಬೋರಿನ ನೀರಿಗೆ ಉಪ್ಪನ್ನೂ ಕೂಡಿಸಿದೆ.

ಈ ಮೀನುಗಳ ಮೂಲ ನೆಲೆ ಮೆಕ್ಸಿಕೋ, ಮಧ್ಯ ಅಮೆರಿಕ, ವೆನೆಜುವೆಲಾ, ಟ್ರಿನಿಡಾಡ್. ದೊಡ್ಡ ಬೆನ್ನುರೆಕ್ಕೆ ಬಿಚ್ಚಿ ಮೆರೆಯುವ ಒಂದು ಮೋಲಿಯ ತವರಾದ ಮೆಕ್ಸಿಕೋದ ಯುಕಟಾನ್ ಪೂರ್ತಿ ಸುಣ್ಣಕಲ್ಲಿನ ನಾಡು. ಲೋಕಾಪುರಕ್ಕೂ ಯುಕಟಾನಿಗೂ ಬೇರೆ ಯಾವ ನಂಟೂ ಇಲ್ಲ. ನೀರಿನ ಗುಣ ಮಾತ್ರ ಹತ್ತಿರದ್ದು. ಮೋಲಿಗಂತೂ ಉಪ್ಪಿನ ಭಯವೇ ಇಲ್ಲ, ನಿಧಾನವಾಗಿ ರೂಢಿಸಿದರೆ ಸಮುದ್ರದ ನೀರಿನಲ್ಲೂ ಬದುಕುತ್ತದೆ.

ಇದು ತಿಳಿಯದೆ ಹಲವರು ಮೀನಿನ ಮೇಲಿನ ಪ್ರೀತಿಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ತೊಟ್ಟಿಗೆ ಸುರಿಯುತ್ತಾರೆ. ಅಲ್ಲಿನ ಯಂತ್ರ ಲವಣಗಳನ್ನು ಬಹುಪಾಲು ಸೋಸಿ ತೆಗೆದಿರುತ್ತದೆ. ನಾಲ್ಕಾರು ದಿನಗಳಲ್ಲಿ ಮೋಲಿ ಮುಂದೆ ಸಾಗದೆ ಇದ್ದಲ್ಲೇ ಮೈ ಅಲುಗಿಸುತ್ತ, ರೆಕ್ಕೆ ಮುದುಡಿಕೊಂಡು ನಿಲ್ಲುತ್ತದೆ. ರೋಗವೆಂದು ಅಂಗಡಿಯಿಂದ ಔಷಧಿ ಬರುತ್ತದೆ. ಅದಕ್ಕೆ ಬೇಕಾಗಿದ್ದುದು ಹಿತ್ತಲ ಬೋರಿನ ನೀರು. ನಗರಸಭೆಯ ನಳದ ನೀರಾದರೆ ಕ್ಲೋರಿನ್ ಹಾರಿಹೋಗಲೆಂದು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಹಾಕಬೇಕು.

'ಮೀನ ತತ್ತಿ ಇಡೂದಲ್ಲೇನ್ರೀ?' ಎಂದು ತೊಟ್ಟಿ ನೋಡಲು ಬಂದವರು ಕೇಳುತ್ತಾರೆ. ಇವು ಇಡುವುದಿಲ್ಲ, ಮರಿ ಹಾಕುತ್ತವೆ. ಗಂಡಿನ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯಂತೆ ಕಿರಿದಾಗಿ ವೀರ್ಯ ಸಾಗಿಸುವ ಅಂಗವಾಗಿದೆ. ಗಂಡು ಹೆಣ್ಣು ಗುರುತಿಸಲು ಇಷ್ಟೇ ಸಾಕು. ಹೆಣ್ಣು ತತ್ತಿಗಳನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಸುಮಾರು ನಾಲ್ಕು ವಾರಕ್ಕೆ ಮರಿ ಹಾಕುತ್ತದೆ. ಗುದರೆಕ್ಕೆಯ ಹತ್ತಿರದ ಕಪ್ಪು ಮಚ್ಚೆ ಹಿಗ್ಗಿ ಗಾಢವಾದರೆ ದಿನ ತುಂಬಿತೆಂದೇ ಲೆಕ್ಕ. ಹೊರಬಿದ್ದ ಮರಿ ಆಗಲೇ ಈಜುತ್ತದೆ, ಆಗಲೇ ಹಸಿದಿರುತ್ತದೆ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಉಳಿಸಿಕೊಂಡು ಗಂಡಿಲ್ಲದೆಯೂ ಮತ್ತೆ ಮತ್ತೆ ಮರಿ ಹಾಕಬಲ್ಲದು. ಹೆಣ್ಣನ್ನಷ್ಟೇ ತಂದವರ ತೊಟ್ಟಿಯೂ ತುಂಬುವುದು ಹೀಗೆ.

ಆದರೆ ಹೆತ್ತ ತಾಯಿಯೇ ಮರಿಯನ್ನು ನುಂಗುತ್ತದೆ. ದಟ್ಟವಾಗಿ ಬೆಳೆಯುವ ನೀರುಗಿಡ ತೊಟ್ಟಿಯಲ್ಲಿದ್ದರೆ ಮರಿಗಳಿಗೆ ಅಡಗಲು ಜಾಗ ಸಿಗುತ್ತದೆ. ಕಾಲುವೆಯಿಂದ ಗಿಡ ಕಿತ್ತು ತರುವವರು ನೆನಪಿಡಬೇಕು: ಆ ನೀರಿಗೆ ಹೊಲದ ಕೀಟನಾಶಕ ಹರಿದು ಬಂದಿರಬಹುದು. ಬೇರೆ ಬಕೆಟ್ಟಿನಲ್ಲಿ ವಾರವೊಪ್ಪತ್ತು ಇಟ್ಟು, ನೀರು ಬದಲಿಸಿ ತೊಳೆದ ಮೇಲೆ ಬಿಡುವುದು ಕ್ಷೇಮ.

ಗಪ್ಪಿಯ ಹೆಸರಿಗೂ ಬಣ್ಣಕ್ಕೂ ಒಂದೊಂದು ಕಥೆಯಿದೆ. ವೆನೆಜುವೆಲಾದ ಮೀನನ್ನು ನೋಡಿ ಜರ್ಮನಿಯ ಪ್ರಾಣಿವಿಜ್ಞಾನಿ ಪೀಟರ್ಸ್ 1859ರಲ್ಲೇ ಅದಕ್ಕೆ ಹೆಸರಿಟ್ಟಿದ್ದರು. ಟ್ರಿನಿಡಾಡಿನಲ್ಲಿದ್ದ ಲೆಚ್ಮಿಯರ್ ಗಪ್ಪಿ ಲಂಡನ್ನಿಗೆ ಕಳಿಸಿದ ಮೀನುಗಳಿಗೆ ಅಲ್ಲಿನ ಪ್ರಾಣಿವಿಜ್ಞಾನಿ ಗುಂಥರ್ 1866ರಲ್ಲಿ ಅವರ ಹೆಸರನ್ನೇ ಕೊಟ್ಟರು. ಶಾಸ್ತ್ರದಲ್ಲಿ ಮೊದಲ ಹೆಸರೇ ನಿಂತಿತು, ಜನರ ಬಾಯಲ್ಲಿ ಗಪ್ಪಿ ಉಳಿಯಿತು. ಅದೇ ಟ್ರಿನಿಡಾಡಿನ ತೊರೆಗಳಲ್ಲಿ ಜೀವವಿಜ್ಞಾನಿ ಜಾನ್ ಎಂಡ್ಲರ್, ಗಪ್ಪಿಯನ್ನು ತಿನ್ನುವ ದೊಡ್ಡ ಮೀನುಗಳಿದ್ದ ಮಡುವಿನಿಂದ ಕೆಲವನ್ನು ಎತ್ತಿ ಅಂಥ ಶತ್ರುಗಳಿಲ್ಲದ ಮೇಲಿನ ತೊರೆಗೆ ಬಿಟ್ಟರು. ಎರಡೇ ವರ್ಷಗಳಲ್ಲಿ ಅಲ್ಲಿನ ಗಂಡುಗಳ ಮೈಮೇಲೆ ಬಣ್ಣದ ಚುಕ್ಕೆಗಳು ಹೆಚ್ಚಿದ್ದವು. 1980ರಲ್ಲಿ ಅಚ್ಚಾದ ಆ ಫಲಿತಾಂಶ ವಿಕಾಸವನ್ನು ಕಣ್ಣೆದುರೇ ಕಾಣಬಹುದೆಂದು ತೋರಿಸಿತು. ಹೆಣ್ಣಿಗೆ ಬಣ್ಣದ ಗಂಡು ಇಷ್ಟ, ಬೇಟೆಯ ಮೀನಿಗೂ ಬಣ್ಣದ ಗಂಡೇ ಮೊದಲು ಕಾಣುತ್ತದೆ. ಗಪ್ಪಿಯ ಬಣ್ಣ ಈ ಎರಡರ ನಡುವೆ ತೂಗುತ್ತಿರುತ್ತದೆ.

ತಳಿಯ ಮಾತನ್ನು ಮುಧೋಳದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿ 2005ರಲ್ಲಿ ಅಂಚೆ ಚೀಟಿಯನ್ನೇರಿತು. ಯಾವ ಗಂಡು, ಯಾವ ಹೆಣ್ಣು ಎಂದು ನೋಡಿ ಕೂಡಿಸದಿದ್ದರೆ ತಳಿ ಕೆಡುತ್ತದೆಂಬುದು ಆ ಊರಿನ ಅನುಭವ. ಗಪ್ಪಿಗೂ ಅದೇ ನಿಯಮ: ಬಣ್ಣ ಉಳಿಯಬೇಕಾದರೆ ಹೆಣ್ಣುಮರಿಗಳನ್ನು ತಿಂಗಳು ತುಂಬುವ ಮೊದಲೇ ಬೇರೆ ಮಾಡಬೇಕು. ಆದರೆ ಆಯ್ಕೆಗೂ ಮಿತಿ ಬೇಕು. ಬೆನ್ನುಮೂಳೆ ಡೊಂಕಾಗಿ ಹೊಟ್ಟೆ ಉಬ್ಬಿದ 'ಬಲೂನ್ ಮೋಲಿ'ಯನ್ನು ಮುದ್ದಾಗಿದೆಯೆಂದು ಕೊಳ್ಳುವುದು ಸಲ್ಲದು. ಅದು ಅಂಗವೈಕಲ್ಯವನ್ನೇ ಬೆಳೆಸಿ ಮಾಡಿದ ತಳಿ, ಈಜಲು ಒದ್ದಾಡುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಬೇರೆ ಎಚ್ಚರ ಬೇಕು. ಮೀನಿನ ಮೈಯ ಪಕ್ಕದ ಗೆರೆ ನೀರಿನ ಕಂಪನವನ್ನು ಹಿಡಿಯುತ್ತದೆ, ಹಾಗಾಗಿ ವಿದ್ಯುತ್ ಮಗ್ಗ ಅದುರಿಸುವ ಗೋಡೆಗೆ ತೊಟ್ಟಿ ತಾಗಿರಬಾರದು. ನೂಲಿಗೆ ಬಣ್ಣ ಕಟ್ಟಿದ ಬಕೆಟ್ಟನ್ನು ಎಷ್ಟು ತೊಳೆದರೂ ಮೀನಿನ ನೀರಿಗೆ ಬಳಸಬಾರದು.

ನಿಜವಾದ ಪರೀಕ್ಷೆ ಏಪ್ರಿಲ್-ಮೇ ತಿಂಗಳಿನದು. ಬಿಸಿಲು 40 ಡಿಗ್ರಿ ಮುಟ್ಟಿದಾಗ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಅದೇ ಹೊತ್ತಿಗೆ ಕರೆಂಟೂ ಹೋಗುತ್ತದೆ. ಇಲ್ಲಿ ಈ ಸೀಮೆಯ ನೀರಿನ ಇನ್ನೊಂದು ಮುಖ ಕಾಣುತ್ತದೆ. ಮೀನಿನ ಹಿಕ್ಕೆ, ಉಳಿದ ತಿಂಡಿ ಕೊಳೆತು ಹುಟ್ಟುವ ಅಮೋನಿಯ ಕ್ಷಾರದ ಬಿಸಿ ನೀರಿನಲ್ಲಿ ಹೆಚ್ಚು ವಿಷವಾಗುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ನಡೆದುಹೋಗುವ ಕೊಳಕು ಮುಧೋಳದ ತೊಟ್ಟಿಯಲ್ಲಿ ನಡೆಯುವುದಿಲ್ಲ. ಆ ವಿಷವನ್ನು ಒಡೆಯುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಎರಡು ಅಡಿ ಉದ್ದದ, 50 ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿಗೆ ಮೊದಲು ನಾಲ್ಕೈದು ಮೀನು ಸಾಕು: ಒಂದು ಗಂಡಿಗೆ ಎರಡು ಮೂರು ಹೆಣ್ಣು, ಇಲ್ಲದಿದ್ದರೆ ಗಂಡಿನ ಕಾಟಕ್ಕೆ ಹೆಣ್ಣು ಸೊರಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು, ಎರಡು ನಿಮಿಷದಲ್ಲಿ ಮುಗಿಯುವಷ್ಟೇ ತಿಂಡಿ ಹಾಕುವುದು, ಬ್ಯಾಟರಿಯ ಒಂದು ಗಾಳಿಪಂಪು ಇಟ್ಟುಕೊಳ್ಳುವುದು: ಬೇಸಿಗೆ ದಾಟಲು ಇಷ್ಟು ಬೇಕು.

ಮರಿಗಳು ಹೆಚ್ಚಾದಾಗ ಏನು ಮಾಡುವುದು? ಗಪ್ಪಿಗೆ ಕರ್ನಾಟಕದಲ್ಲಿ ಒಂದು ಸಾರ್ವಜನಿಕ ಕೆಲಸವೂ ಇದೆ, ಸೊಳ್ಳೆಮರಿ ತಿನ್ನುವುದು. ಮಲೇರಿಯಾ ಸಂಶೋಧಕರು ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟು ರೋಗ ತಗ್ಗಿಸಿದ ವಿವರ 2005ರಲ್ಲಿ ಪ್ರಕಟವಾಯಿತು. 2006ರಲ್ಲಿ ಚಿಕೂನ್‌ಗುನ್ಯಾದಿಂದ ಕೀಲು ಹಿಡಿದು ಮಲಗಿದ ಉತ್ತರ ಕರ್ನಾಟಕದ ಊರುಗಳಿಗೆ ಮನೆಯ ನೀರಿನ ಟಾಕಿಯ ಸೊಳ್ಳೆ ಎಂಥದೆಂದು ಗೊತ್ತು. ಬಳಕೆಯ ನೀರಿನ ಟಾಕಿಗೆ ಹತ್ತು ಗಪ್ಪಿ ಬಿಡುವುದು ಒಳ್ಳೆಯ ಕೆಲಸ, ಆರೋಗ್ಯ ಇಲಾಖೆಯೂ ಅದನ್ನೇ ಹೇಳುತ್ತದೆ.

ಹೊಳೆಗೆ ಬಿಡುವುದು ಮಾತ್ರ ಬೇರೆ ವಿಷಯ. 1928ರಲ್ಲಿ ಇಟಲಿಯಿಂದ ಇದೇ ಸೊಳ್ಳೆ ಕೆಲಸಕ್ಕೆ ಭಾರತಕ್ಕೆ ಬಂದ ಗ್ಯಾಂಬೂಸಿಯ ಮೀನು ಈಗ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ರೈತರೇ 1989ರಲ್ಲಿ ಕಟ್ಟಿಕೊಂಡ ಚಿಕ್ಕಪಡಸಲಗಿ ಬ್ಯಾರೇಜಿನ ಹಿಂದೆ, ಬೀಳಗಿಯ ಅಂಚಿನ ಆಲಮಟ್ಟಿ ಹಿನ್ನೀರಿನಲ್ಲಿ ನಿಂತ ನೀರು ಬೇಕಾದಷ್ಟಿದೆ. ಅಲ್ಲಿ ನೆಲೆಯೂರಲು ಒಂದು ಬಸುರಿ ಮೀನು ಸಾಕು. ಹೆಚ್ಚಾದ ಮರಿಗಳನ್ನು ನೆರೆಯವರಿಗೆ, ಶಾಲೆಯ ತೊಟ್ಟಿಗೆ, ಇಲ್ಲವೇ ಮೀನಿನ ಅಂಗಡಿಗೆ ಕೊಡಬಹುದು. ಚೆನ್ನೈನ ಕೊಳತ್ತೂರಿನಂಥ ದೂರದ ಊರುಗಳಿಂದ ಪ್ಲಾಸ್ಟಿಕ್ ಚೀಲದಲ್ಲಿ ಪ್ರಯಾಣ ಮಾಡಿ ಬಂದ ಮೀನಿಗಿಂತ ಇಲ್ಲೇ ಹುಟ್ಟಿದ ಮರಿ ಕೊಳ್ಳುವವರ ಮನೆಯಲ್ಲಿ ಬೇಗ ಹೊಂದಿಕೊಳ್ಳುತ್ತದೆ.