ಶ್ವಾಸಕೋಶದಲ್ಲಿ ಸೀಟು ಹಿಡಿದವರು

ಮಳೆಗಾಲದಲ್ಲಿ ನಮ್ಮ ಮಿರ್ಜಾನದಲ್ಲಿ ಬೂಷ್ಟು ಹಿಡಿಯದ ವಸ್ತು ಇಲ್ಲ. ಚಪ್ಪಲಿ, ಬೆಲ್ಟು, ಕಪಾಟಿನಲ್ಲಿಟ್ಟ ನನ್ನ ಇಂಜಿನಿಯರಿಂಗ್ ಪುಸ್ತಕ ಎಲ್ಲಕ್ಕೂ ಬೂಷ್ಟು. ಒರೆಸಿ ಬಿಸಿಲಿಗಿಟ್ಟರೆ ಮುಗಿಯಿತು. ಅದಕ್ಕೆ ಹೆದರಿದವರನ್ನು ನಾನಂತೂ ನೋಡಿರಲಿಲ್ಲ.

ಹೆದರಿಕೆ ಶುರುವಾಗಿದ್ದು ದೊಡ್ಡಪ್ಪನಿಗೆ ರಕ್ತದ ಕ್ಯಾನ್ಸರ್ ಬಂದ ಮೇಲೆ. ಕೀಮೋ ಮಾಡಿಸಿಕೊಂಡು ಜೂನ್‌ನಲ್ಲಿ ಮನೆಗೆ ಬಂದಾಗ ಡಾಕ್ಟರ ಚೀಟಿಯಲ್ಲಿ ಮಾತ್ರೆಗಳಿಗಿಂತ 'ಬೇಡ'ಗಳೇ ಜಾಸ್ತಿ. ಕೊಟ್ಟಿಗೆಗೆ ಹೋಗಬೇಡಿ, ಒಣಹುಲ್ಲು ಮುಟ್ಟಬೇಡಿ, ಹಳೇ ಗೋಣಿಚೀಲ ಕೊಡವಬೇಡಿ. "ಐವತ್ತು ವರ್ಷ ಕೊಟ್ಟಿಗೇಲೇ ಕಳೆದವ ನಾನು. ಈಗೆಂತ ಆಗ್ತದೆ ತಮಾ?" ಅಂತ ಕೇಳಿದರು. ಉತ್ತರ ಹುಡುಕೋ ಕೆಲಸ ನನ್ನ ಪಾಲಿಗೆ ಬಂತು.

ಹುಲ್ಲಿನಲ್ಲಿ, ಮಣ್ಣಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಇರುತ್ತದೆ. ಅದರ ಬೀಜಕಣದ ಗಾತ್ರ ಎರಡು ಮೂರು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗ. ನೀವು, ನಾನು ದಿನಾ ಇಂಥ ನೂರಾರು ಕಣ ಉಸಿರಾಡುತ್ತೇವೆ. ಬಿಳಿ ರಕ್ತಕಣಗಳು ಅವನ್ನು ಸದ್ದಿಲ್ಲದೆ ಮುಗಿಸುತ್ತವೆ. ಕೀಮೋದಿಂದ ಆ ಕಾವಲುಗಾರರೇ ಕಡಿಮೆಯಾದಾಗ ಅದೇ ಕಣ ಶ್ವಾಸಕೋಶದಲ್ಲಿ ಬೇರುಬಿಡಬಹುದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅನ್ನು ಮೊದಲ ಗುಂಪಿನಲ್ಲೇ ಇಟ್ಟಿತು. 2021ರ ಮೇ ತಿಂಗಳಲ್ಲಿ ಕರ್ನಾಟಕವನ್ನು ಬೆಚ್ಚಿಬೀಳಿಸಿದ 'ಬ್ಲ್ಯಾಕ್ ಫಂಗಸ್' ಬೇರೆ ಜಾತಿ, ಆದರೆ ಅದು ಕೂಡ ಹೊಂಚು ಹಾಕಿದ್ದು ಸಕ್ಕರೆ ಕಾಯಿಲೆ, ಸ್ಟೀರಾಯ್ಡ್‌ಗಳಿಂದ ಸೋತ ದೇಹಗಳಿಗೇ.

ನನಗೆ ಹೊಸದಾಗಿ ಗೊತ್ತಾಗಿದ್ದು ಇನ್ನೊಂದು ಕಾವಲು ಪಡೆ. ಆರೋಗ್ಯವಂತರ ಶ್ವಾಸಕೋಶದಲ್ಲಿ ಸೂಕ್ಷ್ಮಜೀವಿಗಳೇ ಇಲ್ಲ ಅಂತ ಹಿಂದೆ ನಂಬಿದ್ದರು. ಹಾಗಲ್ಲ. ಬಾಯಿಯಲ್ಲಿರುವ ಪ್ರಿವೊಟೆಲ್ಲಾ, ವೀಲೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಎಂಜಲಿನ ಸಣ್ಣ ಹನಿಗಳ ಜೊತೆ ಕೆಳಗಿಳಿಯುತ್ತಲೇ ಇರುತ್ತವೆ. ಕುಮಟಾ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಇವು ಜಾಗ ಹಿಡಿದಿರುತ್ತವೆ. ಆಹಾರ ತಿಂದು ಖಾಲಿ ಮಾಡುತ್ತವೆ, ನಮ್ಮ ರೋಗನಿರೋಧಕ ಶಕ್ತಿಯನ್ನು ಎಚ್ಚರವಾಗಿಡುತ್ತವೆ. ಶಿಲೀಂಧ್ರದ ಸೋಂಕು ತಗುಲಿದ ದುರ್ಬಲ ರೋಗಿಗಳ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆ ಇರುವುದನ್ನು ಸಂಶೋಧಕರು ಗಮನಿಸಿದ್ದಾರೆ. ಅದು ಸೋಂಕಿಗೆ ಕಾರಣವೋ, ಪರಿಣಾಮವೋ ಅನ್ನೋ ಚರ್ಚೆ ನಡೆದಿದೆ.

ಹಾಗಂತ ಜಾಗ ಹಿಡಿದವರೆಲ್ಲ ಸಂಭಾವಿತರಲ್ಲ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕಬ್ಬಿಣದ ಅಂಶ ಕಸಿದುಕೊಂಡು ಆಸ್ಪರ್ಜಿಲಸ್ ಬೆಳೆಯದಂತೆ ತಡೆಯಬಲ್ಲದು, ಆದರೆ ತಾನೇ ನ್ಯುಮೋನಿಯಾ ತರುತ್ತದೆ. ಕಳ್ಳನನ್ನು ಓಡಿಸಲು ದರೋಡೆಕೋರನನ್ನು ಕರೆದ ಹಾಗೆ!

ಆಂಟಿಬಯೋಟಿಕ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ, ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುತ್ತದೆ. ಅಂದರೆ ಬೇಡದಿದ್ದಾಗ ನುಂಗಿದ ಮಾತ್ರೆ ಟವೆಲ್‌ಗಳನ್ನೆಲ್ಲ ಎತ್ತಿ ಬಿಸಾಡಿ ಸೀಟು ಖಾಲಿ ಮಾಡಿಬಿಡಬಹುದು.

ಜುಲೈನಲ್ಲಿ ಒಂದು ರಾತ್ರಿ ದೊಡ್ಡಪ್ಪನಿಗೆ ಜ್ವರ ಬಂತು. ಹೊರಗೆ ಜಡಿಮಳೆ. ಮನೆಗೆ ಬಂದಿದ್ದ ನೆಂಟರೊಬ್ಬರು ತಮ್ಮ ಚೀಲದಿಂದ ಉಳಿದ ಆಂಟಿಬಯೋಟಿಕ್ ತೆಗೆದು, "ಇದೊಂದು ಕೊಡಿ, ಬೆಳಿಗ್ಗೆ ನೋಡುವಾ" ಅಂದರು. ದೊಡ್ಡಮ್ಮ ಓದಿದ್ದು ನಾಲ್ಕನೇ ಕ್ಲಾಸು. "ಡಾಕ್ಟರು ಜ್ವರ ಬಂದರೆ ಕಾಯಬೇಡಿ ಅಂದಿದ್ದಾರೆ, ಕಾರು ತೆಗಿ" ಅಂದರು ಅಷ್ಟೇ. ದೊಡ್ಡ ಆಸ್ಪತ್ರೆಗೆ ಜಿಲ್ಲೆ ದಾಟಿ ಮೂರು ತಾಸಿನ ದಾರಿ. ಅಲ್ಲಿ ತಕ್ಷಣ ರಕ್ತದ ಮಾದರಿ ತೆಗೆದುಕೊಂಡು ನರಕ್ಕೆ ಆಂಟಿಬಯೋಟಿಕ್ ಹಾಕಿದರು. ಆ ಹೊತ್ತಿಗೆ ಅದೇ ಜೀವ ಉಳಿಸುವ ಮದ್ದು. ಸ್ಕ್ಯಾನ್‌ನಲ್ಲಿ ಶಿಲೀಂಧ್ರದ ಸುಳಿವಿರಲಿಲ್ಲ. ಹತ್ತು ದಿನಕ್ಕೆ ಮನೆಗೆ ಬಂದರು.

ನಿಮ್ಮ ಮನೆಯಲ್ಲೂ ಕೀಮೋ ಆದವರು, ಅಂಗ ಕಸಿ ಮಾಡಿಸಿಕೊಂಡವರು, ತುಂಬಾ ದಿನದಿಂದ ಸ್ಟೀರಾಯ್ಡ್ ತಗೊಳ್ಳುವವರು ಇದ್ದರೆ ಇಷ್ಟು ನೆನಪಿಡಿ: ಬೂಷ್ಟು, ಧೂಳಿನಿಂದ ದೂರ ಇರಲಿ. ಬಾಯಿ ಸ್ವಚ್ಛವಾಗಿರಲಿ. ಉಳಿದ ಮಾತ್ರೆ ಯಾರ ಕೈಗೂ ಸಿಗದಿರಲಿ. ಜ್ವರ ಬಂದರೆ ಗಡಿಯಾರ ನೋಡದೆ ಆಸ್ಪತ್ರೆಗೆ ಹೊರಡಿ. ಡಾಕ್ಟರ ನಂಬರನ್ನು ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.